ಚಿತ್ರಭಿತ್ತಿಯ ಗ್ರಂಥಪಾತ

ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದವರೆಲ್ಲರೂ ತಪ್ಪದೆ ಮಾಡುವ ಕೆಲಸವೊಂದುಂಟು. ನೆಲಕ್ಕೆ ಪೂರ್ತಿಯಾಗಿ ತಾಗದೆ ನಿಂತಿರುವ ಕಂಬವೊಂದರ ಬಳಿ ಬಗ್ಗಿ, ಅದರ ಅಡಿಯಲ್ಲಿ ಬಟ್ಟೆಯೊಂದನ್ನು ತೂರಿಸಿ, ಆಚೆಯ ಬದಿಯಿಂದ ಎಳೆದುಕೊಂಡು ಸಂತೋಷಪಡುತ್ತಾರೆ. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ ನಾನೂ ನನ್ನ ಕರವಸ್ತ್ರವನ್ನು ತೂರಿಸಿದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಆದರೆ ಹೀಗೆ ಬಗ್ಗಿದವರಲ್ಲಿ ತಲೆಯೆತ್ತಿ ಚಾವಣಿಯನ್ನು ನೋಡಿದವರು ಎಷ್ಟು ಮಂದಿ? ನಾನು ನಿಂತಿದ್ದ ಅರ್ಧ ಗಂಟೆಯಲ್ಲಿ ಅಂಥವರು ಇಬ್ಬರೋ ಮೂವರೋ ಕಂಡರು.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಆಮೆಯ ಬೆನ್ನಿನಂತಿರುವುದರಿಂದ ಕೂರ್ಮಶೈಲವೆಂದು ಹೆಸರಾದ ಬಂಡೆಗುಡ್ಡದ ಮೇಲೆ ಈ ಗುಡಿಯಿದೆ. ಊರು ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಪ್ರಾಕಾರದ ಶಾಸನಗಳಲ್ಲಿ ಕನ್ನಡ ನಮ್ಮನ್ನು ಎದುರುಗೊಳ್ಳುತ್ತದೆ. ವಿಜಯನಗರದ ಅಧಿಕಾರಿಯಾಗಿದ್ದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ, 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ಕಾಲದಲ್ಲಿ ಇದನ್ನು ಕಟ್ಟಿಸಿದರೆಂದು ಪ್ರತೀತಿ. ಅರ್ಧಮಂಟಪದ ಚಾವಣಿಯನ್ನು ವ್ಯಾಪಿಸಿಕೊಂಡಿರುವ ವೀರಭದ್ರನ ಚಿತ್ರ ಸುಮಾರು 24 ಅಡಿ ಉದ್ದ, 14 ಅಡಿ ಅಗಲವೆಂದು ಹೇಳುತ್ತಾರೆ. ಆ ಮಹಾಮೂರ್ತಿಯ ಪಾದದೆಡೆಯಲ್ಲಿ, ಎತ್ತರವಾದ ಕುಲಾವಿಗಳನ್ನು ತೊಟ್ಟು, ಪರಿವಾರದೊಡನೆ ನಿಂತಿರುವ ಅಣ್ಣತಮ್ಮಂದಿರು ನಮ್ಮ ಅಂಗೈಯಷ್ಟಾಗಿ ತೋರುತ್ತಾರೆ.

ನಾಟ್ಯಮಂಟಪದ ಚಾವಣಿಯದು ಬೇರೆಯೇ ಲೋಕ. ಕಂಬದಿಂದ ಕಂಬಕ್ಕೆ ಹಾಯ್ದ ತೊಲೆಗಳ ನಡುವೆ ಉದ್ದುದ್ದವಾದ ಪಟ್ಟಿಕೆಗಳಲ್ಲಿ ಕಥೆಗಳು ಹರಿಯುತ್ತವೆ. ಪಾರ್ವತಿಯ ಮದುವೆಯಿದೆ, ದ್ರೌಪದಿಯ ಸ್ವಯಂವರವಿದೆ, ಆಲದೆಲೆಯ ಮೇಲೆ ಮಲಗಿದ ಶಿಶುಕೃಷ್ಣನಿದ್ದಾನೆ. ಅರ್ಜುನನೂ ಕಿರಾತನೂ ಒಂದೇ ಹಂದಿಗಾಗಿ ಕಾದಾಡುವ ಪ್ರಸಂಗದ ಕೆಳಗೆ ನಿಂತಾಗ ಪಂಪ, ಕುಮಾರವ್ಯಾಸರನ್ನು ಓದಿದ ನನ್ನ ಹುಡುಗರಿಗೆ ಹಳೆಯ ಪರಿಚಯದವರನ್ನು ಕಂಡಂತಾಯಿತು. ಷಡಕ್ಷರಿಯು ‘ಶಬರಶಂಕರ ವಿಳಾಸ’ವನ್ನು ಬರೆದದ್ದು ಈ ಚಿತ್ರಗಳಾದ ಮೇಲಿನ ಶತಮಾನದಲ್ಲಿ. ಇನ್ನೊಂದು ಪಟ್ಟಿಕೆಯ ಕಥೆ ಅವರಿಗೆ ತಿಳಿಯಲಿಲ್ಲ. ಮಗನ ರಥದ ಗಾಲಿಗೆ ಸಿಕ್ಕಿ ಕರು ಸತ್ತಿತೆಂದು, ತಾಯಿಹಸುವಿನ ದೂರನ್ನು ಕೇಳಿ, ಅದೇ ರಥವನ್ನು ಮಗನ ಮೇಲೆ ಹಾಯಿಸಲು ಹೊರಟ ಮನುನೀತಿಚೋಳನ ಕಥೆ ಅದು. ತಮಿಳುನಾಡಿನ ಕಥೆಯೊಂದು ತೆಲುಗು ಸೀಮೆಯಲ್ಲಿ, ಕನ್ನಡ ಶಾಸನಗಳ ನೆರೆಯಲ್ಲಿ ಚಿತ್ರವಾಗಿ ನಿಂತಿರುವುದನ್ನು ನೋಡಿದರೆ, ಗಡಿಗಳ ವಿಷಯವಾಗಿ ನಾವು ಆಡುವ ಮಾತುಗಳನ್ನು ಆ ಚಿತ್ರಕಾರರು ಕೇಳಲೇ ಇಲ್ಲವೆಂದು ತೋರುತ್ತದೆ.

ಬಣ್ಣಗಳು ಹೆಚ್ಚಿನಂಶ ಮಣ್ಣಿನವೇ. ಕೆಮ್ಮಣ್ಣಿನ ಕೆಂಪು, ಹಳದಿ, ಕಪ್ಪು, ಸುಣ್ಣದ ಬಿಳುಪು, ಅಲ್ಲಲ್ಲಿ ಹಸಿರು. ನೀಲಿಯನ್ನು ಕಾಣೆವೆಂದೇ ಹೇಳಬೇಕು. ಮುಖಗಳನ್ನು ಪಕ್ಕದಿಂದ ಬರೆದಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡಷ್ಟು ಅಗಲ. ಹೆಂಗಸರ ಸೀರೆಗಳ ಅಂಚು, ಸೆರಗು, ಚೌಕಳಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಆದರೆ ಹೀಗೆ ನೋಡುತ್ತ ಹೋದಂತೆ ಸಾಲು ಥಟ್ಟನೆ ಕಡಿಯುತ್ತದೆ. ಗಾರೆ ಕಳಚಿಬಿದ್ದು ಬರಿಯ ಕಲ್ಲು ಕಾಣುತ್ತದೆ. ಒಬ್ಬಳ ಕೈಯಿದೆ, ಮುಖವಿಲ್ಲ. ಇನ್ನೊಬ್ಬಳ ಸೆರಗಿದೆ, ಅವಳೇ ಇಲ್ಲ.

‘ಇದಕ್ಕೆ ಮತ್ತೆ ಬಣ್ಣ ಹಚ್ಚಿ ಸರಿಮಾಡಬಾರದೆ, ಸರ್?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಆ ಪ್ರಶ್ನೆ.

ಕನ್ನಡವನ್ನು ಓದಿದ ನಮಗೆ ಉತ್ತರ ತಿಳಿದಿರಬೇಕು. ಓಲೆಗರಿಯ ಪ್ರತಿಯೊಂದರಲ್ಲಿ ಗೆದ್ದಲು ತಿಂದು ಪದ್ಯದ ಒಂದು ಪಾದ ಹೋಗಿದೆಯೆನ್ನೋಣ. ಸಂಪಾದಕನು ಛಂದಸ್ಸನ್ನು ಬಲ್ಲವನು, ಕವಿಯ ಧಾಟಿಯನ್ನು ಬಲ್ಲವನು. ಮನಸ್ಸು ಮಾಡಿದರೆ ಆ ಪಾದವನ್ನು ತಾನೇ ಕಟ್ಟಿ ತುಂಬಬಲ್ಲ. ಆದರೂ ತುಂಬುವುದಿಲ್ಲ. ಚುಕ್ಕಿಗಳನ್ನಿಟ್ಟು, ಇಲ್ಲಿ ಗ್ರಂಥಪಾತವಾಗಿದೆಯೆಂದು ಸೂಚಿಸಿ ಮುಂದೆ ಹೋಗುತ್ತಾನೆ. ತನ್ನ ಊಹೆಯನ್ನು ಹೇಳಲೇಬೇಕಾದರೆ ಅಡಿಟಿಪ್ಪಣಿಯಲ್ಲಿ ಹೇಳುತ್ತಾನೆ. 1964ರಲ್ಲಿ ಪ್ರಕಟವಾದ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದ ನಾವು ಪ್ರಕ್ಷೇಪವನ್ನು ಅಪರಾಧವೆಂದೇ ಎಣಿಸುತ್ತೇವೆ. ಕವಿಯ ಒಂದು ಪಾದಕ್ಕೆ ತೋರಿಸುವ ಈ ಮರ್ಯಾದೆಯನ್ನು ಹೆಸರಿಲ್ಲದ ಚಿತ್ರಕಾರನ ಒಂದು ಗೆರೆಗೆ ಏಕೆ ತೋರಿಸುವುದಿಲ್ಲ? ಬಲ್ಲ ಸಂರಕ್ಷಕರು ಮಾಡುವುದೂ ಇದನ್ನೇ. ಸಡಿಲವಾದ ಗಾರೆಯನ್ನು ಹಿಡಿದು ನಿಲ್ಲಿಸುತ್ತಾರೆ, ಮಸಿಯನ್ನು ಮೆಲ್ಲಗೆ ತೆಗೆಯುತ್ತಾರೆ, ಬಿದ್ದುಹೋದ ಕಡೆ ಹೊಸ ಗಾರೆ ತುಂಬಿ ಮಂದವಾದ ಬಣ್ಣ ಕೊಟ್ಟು ಬಿಡುತ್ತಾರೆ; ಹೋದ ಮುಖವನ್ನು ಮಾತ್ರ ತಾವು ಬರೆಯುವುದಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ವಿದ್ಯಾರಣ್ಯರ ಮೇನೆಯ ಮೆರವಣಿಗೆಯನ್ನು ನೋಡುವಾಗ, ಇದರಲ್ಲಿ ವಿಜಯನಗರದವರ ಕೈ ಎಷ್ಟು, ಅನಂತರದವರ ಕೈ ಎಷ್ಟು ಎಂದು ವಿದ್ವಾಂಸರು ಇನ್ನೂ ಚರ್ಚಿಸಬೇಕಾಗಿರುವುದು ಮೇಲೆ ಮೇಲೆ ಬರೆದದ್ದರ ಫಲವೇ ಅಲ್ಲವೆ?

ಇಷ್ಟನ್ನೆಲ್ಲ ತರಗತಿಯಲ್ಲಿ ಹೇಳುವ ಅಧಿಕಾರ ನನಗಿದೆಯೆ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ. ನಮ್ಮ ಊರಿನ ಗುಡಿಯೊಂದರ ಒಳಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿದ್ದುವು. ಅರಮನೆಯ ಕೆಲಸವಲ್ಲ, ಯಾರೋ ನಾಡಚಿತ್ರಕಾರರು ಬರೆದದ್ದು. ನನ್ನ ಅಜ್ಜಿ ಆ ಗೋಡೆಯನ್ನು ತೋರಿಸಿ ತೋರಿಸಿ ನನಗೆ ಕಥೆ ಹೇಳಿದರು. ಅಕ್ಷರ ಕಲಿಯುವ ಮೊದಲೇ ನಾನು ಓದಿದ ಗ್ರಂಥ ಅದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಜೀರ್ಣೋದ್ಧಾರವೆಂದಾಗ ಊರಿನ ಹಿರಿಯರು, ‘ನೀವು ಓದಿದವರು, ಏನು ಮಾಡೋಣ ಹೇಳಿ’ ಎಂದು ನನ್ನನ್ನು ಕೇಳಿದರು. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು, ಉತ್ಸಾಹವಿತ್ತು. ‘ಎಲ್ಲ ಮಾಸಿಹೋಗಿದೆ, ಹೊಸದಾಗಿ ಬರೆಸಿಬಿಡಿ’ ಎಂದೆ. ಐದು ಸಾವಿರ ರೂಪಾಯಿಗಳನ್ನೂ ಕೊಟ್ಟೆ. ಪೇಟೆಯಿಂದ ಬಂದವರು ಹೊಳೆಯುವ ಎಣ್ಣೆಬಣ್ಣದಲ್ಲಿ, ಕ್ಯಾಲೆಂಡರಿನ ಮುಖಗಳನ್ನು ನೋಡಿ, ಹದಿನೈದು ದಿನಗಳಲ್ಲಿ ಕೆಲಸ ಮುಗಿಸಿದರು. ದಾನಿಗಳ ಕಲ್ಲಿನಲ್ಲಿ ನನ್ನ ಹೆಸರು ಪದವಿಯ ಸಮೇತ ಇದೆ. ಗುಹನ ದೋಣಿಯಲ್ಲಿ ಒಂದು ನಾಯಿಯಿತ್ತೆಂದು ನನ್ನ ನೆನಪು. ನಿಜವಾಗಿ ಇತ್ತೋ, ಅಜ್ಜಿ ಸೇರಿಸಿದ್ದೋ, ಈಗ ನೋಡಿ ನಿರ್ಧರಿಸುವಂತಿಲ್ಲ. ಒಂದು ಫೋಟೋವನ್ನಾದರೂ ತೆಗೆದಿಡಬೇಕೆಂದು ಎಂ.ಎ. ಓದಿದವನಿಗೆ ಹೊಳೆಯಲಿಲ್ಲ.

ಗುಡಿ ವಸ್ತುಸಂಗ್ರಹಾಲಯವಲ್ಲ, ಪೂಜೆ ನಡೆಯುವ ಸ್ಥಳ. ತೇರು ಮುರಿದರೆ ಹೊಸ ತೇರು ಮಾಡುವಂತೆ ಚಿತ್ರವನ್ನೂ ಹೊಸದು ಮಾಡುವುದೇ ಸಂಪ್ರದಾಯವೆಂದು ಹೇಳುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. 1010ರಲ್ಲಿ ಪೂರ್ಣಗೊಂಡ ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ, ಗರ್ಭಗೃಹವನ್ನು ಬಳಸಿದ ಇಕ್ಕಟ್ಟಾದ ಪ್ರದಕ್ಷಿಣಾಪಥದ ಗೋಡೆಗಳ ಮೇಲೆ ಚೋಳರ ಕಾಲದ ಚಿತ್ರಗಳಿದ್ದುವು. ಹದಿನೇಳನೆಯ ಶತಮಾನದಲ್ಲಿ ನಾಯಕರು ಅವುಗಳ ಮೇಲೆ ತಮ್ಮ ಚಿತ್ರಗಳನ್ನು ಬರೆಸಿದರು. 1931ರಲ್ಲಿ ಎಸ್. ಕೆ. ಗೋವಿಂದಸ್ವಾಮಿಯವರು ಮೇಲಿನ ಪದರದಡಿಯಲ್ಲಿ ಚೋಳರ ಗೆರೆಗಳನ್ನು ಕಂಡರು. ಮುಂದೆ ಪುರಾತತ್ತ್ವ ಇಲಾಖೆಯವರು ಕೆಲವೆಡೆ ನಾಯಕರ ಪದರವನ್ನು ಹರಿಯದಂತೆ ಬಿಡಿಸಿ ಬೇರೆ ಹಲಗೆಗಳ ಮೇಲೆ ಕೂರಿಸಿ, ಎರಡನ್ನೂ ಉಳಿಸಿಕೊಂಡರು. ಮುಚ್ಚಿದವರೇ ಒಂದು ರೀತಿಯಲ್ಲಿ ಕಾಪಾಡಿದವರಾದರು. ಹೀಗಿರುವಾಗ ನಾಯಕರಿಗೆ ಸಲ್ಲುವ ಮನ್ನಣೆ ನಮ್ಮ ಊರಿನ ಸಮಿತಿಗೆ ಏಕೆ ಸಲ್ಲಬಾರದು?

ಎರಡು ಕಾರಣಗಳು ನನಗೆ ತೋರುತ್ತವೆ. ನಾಯಕರ ಚಿತ್ರಕಾರರು ತಮ್ಮ ಕಾಲದ ಶೈಲಿಯಲ್ಲಿ ತಮ್ಮದೇ ಕಾವ್ಯವನ್ನು ಬರೆದರು. ನಾವಾದರೋ ಅಂಗಡಿಯ ಚಿತ್ರವನ್ನು ನಕಲುಮಾಡಿಸಿದೆವು. ಇದು ಅಭಿರುಚಿಯ ಮಾತಾಯಿತು, ವಾದಿಸಬಹುದು. ಎರಡನೆಯದು ವಾದಿಸಲಾಗದ್ದು: ಸುಣ್ಣದ ಗಾರೆ ಉಸಿರಾಡುವ ವಸ್ತು, ಎಣ್ಣೆಬಣ್ಣ ಅದರ ಉಸಿರನ್ನು ಕಟ್ಟುತ್ತದೆ. ಗೋಡೆಯೊಳಗಿನ ತೇವ ಹೊರಬರಲಾರದೆ ಗಾರೆಯನ್ನೇ ಉಬ್ಬಿಸಿ ಕೆಡವುತ್ತದೆ. ಮೇಲಿನದರೊಡನೆ ಕೆಳಗಿನದೂ ಹೋಗುತ್ತದೆ. ತಂಜಾವೂರಿನಲ್ಲಿ ಸಾಧ್ಯವಾದದ್ದು ಇಲ್ಲಿ ಸುಲಭವಾಗಿ ಸಾಧ್ಯವಾಗದು.

ಲೇಪಾಕ್ಷಿಗೆ ಕೇಂದ್ರದ ಪುರಾತತ್ತ್ವ ಇಲಾಖೆಯ ಕಾವಲಿದೆ. ತುಮಕೂರು ಜಿಲ್ಲೆಯ ಸೀಬಿ, ಹಿರಿಯೂರಿನ ತೇರುಮಲ್ಲೇಶ್ವರಗಳ ಚಿತ್ರಗಳ ಹೆಸರನ್ನಾದರೂ ನಮ್ಮ ಓದುಗರು ಕೇಳಿರಬಹುದು. ಯಾರೂ ಹೆಸರು ಹೇಳದ ಗುಡಿಗಳದೇ ನನ್ನ ಚಿಂತೆ. ಅಲ್ಲಿಗೆ ಇಲಾಖೆ ಬರುವ ಮೊದಲು ಬಣ್ಣದ ಡಬ್ಬಿ ಬರುತ್ತದೆ. ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳವರು ತಮ್ಮ ಸುತ್ತಲಿನ ಹತ್ತು ಹಳ್ಳಿಗಳ ಗುಡಿಗಳಿಗೆ ಹೋಗಿ, ಗೋಡೆ ಚಾವಣಿಗಳ ಫೋಟೋ ತೆಗೆದು, ಚಿತ್ರದ ಕೆಳಗಿನ ಬರಹವಿದ್ದರೆ ನಕಲುಮಾಡಿ, ಮುದುಕರು ಹೇಳುವ ಕಥೆಯನ್ನು ಬರೆದಿಟ್ಟರೆ ಸಾಕು. ಅದಕ್ಕೆ ಅನುದಾನ ಬೇಕಿಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿ ಕ್ಯಾಮೆರಾ ಇದೆ. ಮಳೆಯ ನೀರು ಸೋರುವ ಬಿರುಕನ್ನು ಮುಚ್ಚಿಸುವುದು, ದೀಪವನ್ನು ಗೋಡೆಯಿಂದ ಎರಡು ಮಾರು ದೂರ ಇಡಿಸುವುದು ಅರ್ಚಕರೊಡನೆ ವಿನಯದಿಂದ ಮಾತನಾಡಿದರೆ ಆಗುವ ಕೆಲಸಗಳು.

ಈಚೆಗೆ ಊರಿಗೆ ಹೋಗಿದ್ದಾಗ ಗುಡಿಯ ಈಶಾನ್ಯದ ಮೂಲೆಯಲ್ಲಿ ಎಣ್ಣೆಬಣ್ಣ ಹಪ್ಪಳದಂತೆ ಎದ್ದಿರುವುದನ್ನು ಕಂಡೆ. ಎದ್ದ ಪದರದ ಹಿಂದೆ, ಗೇಣುದ್ದ ಗೋಡೆಯಲ್ಲಿ, ಕೆಮ್ಮಣ್ಣಿನ ಒಂದು ಬಾಗಿದ ಗೆರೆ ಕಾಣುತ್ತಿತ್ತು. ದೋಣಿಯ ಅಂಚಿರಬಹುದು. ಬರುವ ಜಾತ್ರೆಗೆ ಮುಂಚೆ ಆ ಮೂಲೆಯನ್ನು ಉಜ್ಜಿ ಮತ್ತೆ ಬಣ್ಣ ಹಚ್ಚಿಸುವುದೆಂದು ನಿಶ್ಚಯವಾಗಿದೆಯಂತೆ. ಬೇಡವೆಂದು, ತಜ್ಞರನ್ನು ಕರೆದುತರುವ ತನಕ ಹಾಗೆಯೇ ಬಿಡಬೇಕೆಂದು ಹಿರಿಯರಿಗೆ ಪತ್ರ ಬರೆದಿದ್ದೇನೆ. ಅಂದು ನಾನೇ ಹೇಳಿದ ಮಾತನ್ನು ಅವರು ನನಗೆ ನೆನಪಿಸಿದರೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.