ಹಾಲಿಗಿರುವ ಲೆಕ್ಕ ಮಾತಿಗೆ ಯಾಕಿಲ್ಲ?

ಲಕ್ವ ಹೊಡೆದ ಸೋದರಮಾವನಿಗೆ ಕೈಕಾಲು ಬಂತು, ಮಾತು ಬರಲಿಲ್ಲ. ನೀರು ಬೇಕಿದ್ದರೆ ‘ಚಾವಿ’ ಅಂತಾನೆ. ಇದೇ ಅಫೇಸಿಯಾ. ಆರು ತಿಂಗಳು ಆಸ್ಪತ್ರೆಗೆ ಅಲೆದೆವು. ಚೀಟಿಯಲ್ಲಿ ಪ್ರತಿಸಲವೂ ಒಂದೇ ಸಾಲು: ‘ಥೆರಪಿ ಕೊಡಲಾಗಿದೆ’. ಎಷ್ಟು ನಿಮಿಷ? ಯಾವ ಪದ ಮರಳಿತು? ಬರೆದಿಲ್ಲ. ಥೆರಪಿಸ್ಟ್ ಬದಲಾದರು, ಹೊಸಬರು ಮತ್ತೆ ಮೊದಲಿಂದ ಶುರುಮಾಡಿದರು.

ಇಂಗ್ಲೆಂಡಿನಲ್ಲಿ 2013ರಿಂದ ಎಸ್‌ಎಸ್‌ಎನ್‌ಎಪಿ ಎಂಬ ವ್ಯವಸ್ಥೆ ಪಾರ್ಶ್ವವಾಯು ರೋಗಿಗಳಿಗೆ ಸಿಕ್ಕ ವಾಕ್‌ಚಿಕಿತ್ಸೆಯ ನಿಮಿಷಗಳನ್ನೂ ಲೆಕ್ಕ ಇಡುತ್ತದೆ, ಆಸ್ಪತ್ರೆವಾರು ಪ್ರಕಟಿಸುತ್ತದೆ. ನಮ್ಮ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ. ಅಫೇಸಿಯಾ ಅಳೆಯುವ ಕನ್ನಡ ಪರೀಕ್ಷೆಯೂ ಇದೆ. ಇಲ್ಲದಿರುವುದು ಬರೆದಿಡುವ ಅಭ್ಯಾಸ.

ಸಿಬ್ಬಂದಿ ಕಡಿಮೆ ಅಂತಾರೆ. ಅದನ್ನು ಸರ್ಕಾರಕ್ಕೆ ತೋರಿಸಲಾದರೂ ಲೆಕ್ಕ ಬೇಡವೇ? ಹಾಲಿನ ಡೇರಿಯಲ್ಲಿ ಎರಡು ಹೊತ್ತೂ ಲೀಟರು, ಫ್ಯಾಟು ಬರೆಯುತ್ತೇವೆ. ಮನುಷ್ಯನ ಮಾತಿಗೆ ಅಷ್ಟೂ ಬೆಲೆಯಿಲ್ಲವೇ?