ಕನಿಕರವಲ್ಲ, ದಾಸೋಹ



ದಾಸೋಹವು ಪ್ರಸಾದ ನೀಡಿಕೆಗೆ ಮಾತ್ರ ಸೀಮಿತವಲ್ಲ; ಜ್ಞಾನ ದಾಸೋಹವೂ ಶರಣಮಾರ್ಗವೇ. ನೆರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಇದಕ್ಕೆ ಸಾಕ್ಷಿ. ಹಾನಗಲ್ಲ ಕುಮಾರ ಶಿವಯೋಗಿಗಳು ಅಂಧ ಬಾಲಕ ಗದಿಗೆಯ್ಯನಿಗೆ ಅನ್ನವನ್ನಷ್ಟೇ ನೀಡಲಿಲ್ಲ, ಸಂಗೀತ ವಿದ್ಯೆಯನ್ನು ಕೊಡಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯರಾದ, ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು.

ಇಂದು ವಿಕಲಚೇತನರ ವಿದ್ಯೆಗೆ ಕಾನೂನಿನ ಬಲವೂ ಇದೆ. 2016ರ ಕಾಯ್ದೆಯು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಆದರೆ ಪ್ರವೇಶ ದೊರೆತ ಮಾತ್ರಕ್ಕೆ ವಿದ್ಯೆ ದೊರೆಯದು. ತರಗತಿಗೆ ಮೆಟ್ಟಿಲುಗಳಷ್ಟೇ ಇದ್ದರೆ ಗಾಲಿಕುರ್ಚಿಯ ವಿದ್ಯಾರ್ಥಿ ಹೊರಗೇ ಉಳಿಯುವನು. ಕನ್ನಡ ಪಠ್ಯವು ಬ್ರೈಲ್‌ನಲ್ಲಾಗಲಿ ಧ್ವನಿರೂಪದಲ್ಲಾಗಲಿ ದೊರೆಯದಿದ್ದರೆ ಅಂಧ ವಿದ್ಯಾರ್ಥಿನಿ ಓದುವುದೆಂತು? ಬರೆಯಲಾಗದವರಿಗೆ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನೂ, ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲವನ್ನೂ ಕೇಂದ್ರದ ಮಾರ್ಗಸೂಚಿ ನೀಡಿದೆ. ಆದರೆ ಪಕ್ಕದಲ್ಲಿ ಕುಳಿತು ಬರೆಯುವವರು ಬೇಕಲ್ಲವೇ?

ಇಳಿಜಾರು ದಾರಿ, ಲಿಫ್ಟ್ ಕಟ್ಟಿಸುವುದು ಸಂಸ್ಥೆಗಳ ಹೊಣೆ; ಅದನ್ನು ಹಕ್ಕಾಗಿಯೇ ಕೇಳೋಣ. ಪಠ್ಯವನ್ನು ಓದಿ ಧ್ವನಿಮುದ್ರಿಸುವುದು, ನಿಯಮಾನುಸಾರ ಲಿಪಿಕಾರರಾಗುವುದು ಯಲಬುರ್ಗಾ ಸೀಮೆಯ ಓದುಬಲ್ಲ ಪ್ರತಿಯೊಬ್ಬ ಸದ್ಭಕ್ತರಿಗೂ ಸಾಧ್ಯವಾದ ಕಾಯಕ. ಕೊಡುವವನು ಮೇಲು, ಪಡೆಯುವವನು ಕೀಳೆಂಬ ಭಾವವಿದ್ದಲ್ಲಿ ಅದು ಕನಿಕರವಾದೀತೇ ಹೊರತು ದಾಸೋಹವಾಗದು. ಕಲಿಯಬಯಸುವ ವಿದ್ಯಾರ್ಥಿಯ ಪಕ್ಕದಲ್ಲಿ ಸಮನಾಗಿ ಕುಳಿತುಕೊಳ್ಳುವುದೇ ಜ್ಞಾನ ದಾಸೋಹ.