ಹಳದಿ ಪಟ್ಟೆಯ ಸುತ್ತುದಾರಿ

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮರದ ಮೇಲೋ ಕಲ್ಲುಗೋಡೆಯ ಮೇಲೋ ಬಳಿದ ಹಳದಿ ಪಟ್ಟೆಯ ಜಾಡು ಹಿಡಿದವರು ಕೆಲವೇ ಗಂಟೆಗಳಲ್ಲಿ ಹೊರಟ ಊರಿಗೇ ಮರಳುತ್ತಾರೆ. ನಡುವೆ ಹಳೆಯ ಚರ್ಚು, ಕವಲುದಾರಿಯ ಕಲ್ಲುಶಿಲುಬೆ, ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಸೂರುಳ್ಳ ಕೊಳ, ನಿಂತುಹೋದ ನೀರಿನ ಗಿರಣಿ. ಇವು ವಿಹಾರಕ್ಕೆಂದು ಹುಟ್ಟಿದ ದಾರಿಗಳಲ್ಲ. ದನಕರುಗಳೂ ಧಾನ್ಯದ ಮೂಟೆಗಳೂ ಸಾಗಿದ ಹಾದಿಗಳು.

ಎರಡನೆಯ ಮಹಾಯುದ್ಧದ ತರುವಾಯ ಯಂತ್ರಗಳಿಗೆ ಅನುವಾಗಲೆಂದು ಸರ್ಕಾರವೇ ತುಂಡುಹೊಲಗಳನ್ನು ಒಗ್ಗೂಡಿಸಿತು. ಬ್ರಿಟನಿ ಪ್ರಾಂತದಲ್ಲಿ ಜೀವಂತ ಬೇಲಿಗಳನ್ನು ಹೊತ್ತ ಬದುಗಳೂ ಅವುಗಳ ನಡುವಿನ ಹಾದಿಗಳೂ ನೆಲಸಮವಾದವು. ಬದು ಹೋದಲ್ಲಿ ಮೇಲ್ಮಣ್ಣು ನಿಲ್ಲುವುದೆಂತು?

ಗ್ರಾಮೀಣ ದಾರಿಯು ಅಲ್ಲಿ ಸ್ಥಳೀಯ ಪಂಚಾಯತಿಯ ಖಾಸಗಿ ಸ್ವತ್ತೆಂದೇ ಗಣನೆ. ಆದುದರಿಂದ 30 ವರ್ಷ ಅದನ್ನು ತನ್ನದೆಂದು ಅನುಭವಿಸಿದವನು ಒಡೆತನ ಕೇಳಬಲ್ಲ. 1983ರ ಕಾನೂನು ನಡಿಗೆದಾರಿಗಳ ಪಟ್ಟಿಯನ್ನು ಜಿಲ್ಲಾ ಮಂಡಳಿಗಳಿಗೆ ವಹಿಸಿತು: ಪಟ್ಟಿಯಲ್ಲಿರುವ ದಾರಿಯನ್ನು ಮಾರುವುದಾದರೆ ಬದಲಿ ದಾರಿ ಕೊಡಬೇಕು, ಇಲ್ಲವಾದರೆ ಮಾರಾಟವೇ ಅಸಿಂಧು. 2022ರ ಕಾನೂನು, ದಾರಿಗಳ ಎಣಿಕೆಗೆ ನಿರ್ಣಯಿಸಿದ ಪಂಚಾಯತಿಗಳಲ್ಲಿ ಆ 30 ವರ್ಷಗಳ ಗಣನೆಯನ್ನು ಗರಿಷ್ಠ 2 ವರ್ಷ ತಡೆಹಿಡಿಯಿತು. ಅಲ್ಪಾವಧಿಯೇ ಸರಿ, ಎಣಿಕೆಗೆ ಮನಸ್ಸು ಮಾಡದ ಊರಿಗೆ ಅದೂ ಇಲ್ಲ. ಅಂಥಲ್ಲೂ ಒಂದು ಆಧಾರ ಉಳಿಯುತ್ತದೆ: ಸಾರ್ವಜನಿಕರು ನಡೆದಾಡುತ್ತಿರುವ ದಾರಿಯನ್ನು ಬಳಕೆಯಲ್ಲಿರುವ ದಾರಿಯೆಂದು ಕಾನೂನು ಒಪ್ಪುತ್ತದೆ.